ಕಟ್ಟಿದ್ದು ಯಾರು?

ನನ್ನ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡು ಲಾಂಡ್ರಿಯ ರೋಲರಿಗೆ ಹೋದವು.

ನಾವು ಹೋಟೆಲುಗಳ ಬೆಡ್‌ಶೀಟು ಇಸ್ತ್ರಿ ಮಾಡುವವರು. ಕಾದ ರೋಲರು ತಿರುಗುತ್ತಲೇ ಇರುತ್ತದೆ. ಒದ್ದೆ ಬಟ್ಟೆಯ ಎರಡು ಮೂಲೆ ಹಿಡಿದು ಅದರ ಬಾಯಿಗೆ ಕೊಡಬೇಕು. ಬಾಯಿಯ ಮುಂದೆ ಒಂದು ಕಂಬಿ ಇದೆ. ಕೈ ತಗುಲಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಹಾಗೆ ನಿಂತಾಗಲೆಲ್ಲ ಕೆಲಸ ಹಿಂದೆ ಬೀಳುತ್ತದೆಂದು ಸೂಪರ್‌ವೈಸರು ಹರಿದ ಬೆಡ್‌ಶೀಟಿನ ಪಟ್ಟಿಯಿಂದ ಕಂಬಿಯನ್ನು ಮೇಲೆತ್ತಿ ಕಟ್ಟಿಬಿಟ್ಟಿದ್ದ. ಎಲ್ಲ ಯಂತ್ರಗಳಿಗೂ. ನನ್ನ ಬೆರಳು ಹೋದ ಮೇಲೆ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದು ಲಾಂಡ್ರಿಯವರು ಕಾಗದದಲ್ಲಿ ಬರೆದು, ಆಸ್ಪತ್ರೆಯ ಮಂಚದ ಮೇಲೇ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಅಂದಿನಿಂದ ಯಾರು ನಗುನಗುತ್ತಾ ಬಂದರೂ ಅವರ ಕೈಯಲ್ಲಿ ಕಾಗದ ಇದೆಯೇ ಎಂದು ಮೊದಲು ನೋಡುತ್ತೇನೆ.

ಅದೇ ಲಾಂಡ್ರಿಯಲ್ಲಿ ಒದ್ದೆ ಬಟ್ಟೆ ಹೊರುವ ನನ್ನ ತಮ್ಮ ಭಾನುವಾರ ಮಧ್ಯಾಹ್ನ ಮೇಲ್ಸೇತುವೆಯ ಕೆಳಗೆ ರ‍್ಯಾಪ್ ಹೇಳುತ್ತಾನೆ. ಶುರು ಮಾಡುವ ಮುಂಚೆ ಎರಡು ಸಲ ಕೆಮ್ಮುತ್ತಾನೆಂದು ಅಲ್ಲಿ ಅವನಿಗೆ ಕೆಮ್ಮಣ್ಣ ಎಂದೇ ಹೆಸರು. ಟಿಕೆಟ್ಟಿಲ್ಲ, ವೇದಿಕೆಯಿಲ್ಲ. ಕೇಳುವವರು ಸುತ್ತ ನಿಲ್ಲುತ್ತಾರೆ. ಯಾರ ಕಥೆ ಹೇಳುತ್ತೀಯೋ ಅವರು ನಿನ್ನ ಪಕ್ಕದಲ್ಲೇ ನಿಂತಿರಬೇಕು, ಇದು ಅಲ್ಲಿನ ಕಟ್ಟುಪಾಡು. ಹೇಳಿದ್ದು ಸುಳ್ಳು ಅನ್ನಿಸಿದರೆ ಸುತ್ತಲಿನವರು ಬೈಯುವುದಿಲ್ಲ, ಬೆನ್ನು ತಿರುಗಿಸುತ್ತಾರೆ.

ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅವನು ಹೇಳಿದ್ದ:

ಬಿಳಿ ಹಾಸಿಗೆ ನಿಮ್ಮದು, ಬಿಸಿ ರೋಲರು ನಮ್ಮದು
ಮಡಿಕೆ ಬಿಚ್ಚಿ ನೋಡಿ, ಒಳಗೆ ಬೆರಳು ಯಾರದು?

ಜನ ಕೂಗಿ ಕೇಳುತ್ತಿದ್ದರು, ಅವನು ಉತ್ತರ ಕೊಡುತ್ತಿದ್ದ: “ಕಟ್ಟಿದ್ದು ಯಾರು?”

“ಸೂಪರ್‌ವೈಸರು!”

“ಕಟ್ಟಿಸಿದ್ದು ಯಾರು?”

“ಮಾಲೀಕರು!”

ಹೆಬ್ಬೆಟ್ಟಿನ ಕಾಗದ ಏನಾದರೂ ಹೇಳಲಿ, ನನ್ನ ಬೆರಳಿನ ನಿಜ ಉಳಿದಿದ್ದು ಈ ಹಾಡಿನಲ್ಲಿ ಮಾತ್ರ.

ಹಾಡಿನ ಕಂಪನಿಯವನು ನಮ್ಮ ಕೋಣೆಗೆ ಬಂದಾಗ ಅವನ ಕೈಯಲ್ಲಿ ಕಾಗದ ಇರಲಿಲ್ಲ. ನಾನು ಏಮಾರಿದ್ದು ಅಲ್ಲೇ. ಬಿಳಿ ಬೂಟು, ಬೆಣ್ಣೆಯಂಥ ಮಾತು.

“ನಿನ್ನ ಹಾಡು ಊರಿಗೆಲ್ಲ ಕೇಳಿಸ್ಬೇಕು ಕಣಯ್ಯಾ. ಎಷ್ಟು ದಿನ ಅಂತ ಸೇತುವೆ ಕೆಳಗೆ ಕೂಗ್ತೀಯ? ಒಂದೇ ಒಂದು ಮಾತು. ಸಿಟ್ಟಿರ್ಲಿ, ಚೆನ್ನಾಗಿದೆ. ಯಾರ ಮೇಲೆ ಅನ್ನೋದು ಬೇಡ.”

“ಯಾರ ಮೇಲೂ ಅಲ್ಲದ ಸಿಟ್ಟು ಅದೆಂಥದು?” ಎಂದೆ ನಾನು.

“ಜನಕ್ಕೆ ಅದೇ ಇಷ್ಟ ಅಕ್ಕಾ. ಒಂದು ಲೋಟ ನೀರು ಸಿಗುತ್ತಾ?”

ನೀರು ಹಿಡಿಯಲು ಕೆಳಗಿನ ನಲ್ಲಿಗೆ ಹೋದೆ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ‘ಸುಮ್ನೆ ಟ್ರಯಲ್ಲು’ ಎಂದು ಇಡೀ ಹಾಡನ್ನು ಫೋನಿಗೆ ಹೇಳಿಸಿಕೊಂಡಿದ್ದ. ಅದೇ ಫೋನಿನ ಗಾಜಿನ ಮೇಲೆ ತಮ್ಮನ ಬೆರಳಾಡಿಸಿ ಸಹಿಯನ್ನೂ ಹಾಕಿಸಿಕೊಂಡಿದ್ದ. ನೀರು ಕುಡಿಯದೆ ಎದ್ದು ಹೋದ.

“ನಾನಿಲ್ದೇ ಹೇಳ್ದೆಯೇನೋ?”

“ಟ್ರಯಲ್ಲು ತಾನೇ ಅಕ್ಕ...” ಎಂದ. ಮುಖ ಮಾತ್ರ ನೆಲ ನೋಡುತ್ತಿತ್ತು.

ತಿಂಗಳಾದ ಮೇಲೆ ಹಾಡು ಬಂತು. ಲಾಂಡ್ರಿಯಲ್ಲೇ ಯಾರದೋ ಫೋನಿನಲ್ಲಿ ನೋಡಿದೆ. ‘ಬಿಳಿ ಹಾಸಿಗೆ ನಮ್ಮದು, ಬಿಸಿ ರಾತ್ರಿ ನಮ್ಮದು.’ ಹೋಟೆಲಿನ ಕೋಣೆ. ಹಾಸಿಗೆಯ ಮೇಲೆ ಹತ್ತಾರು ಜನರ ಕುಣಿತ, ನಡುವೆ ಹೊಸ ಬೂಟು ತೊಟ್ಟ ನನ್ನ ತಮ್ಮ. ಬೆಡ್‌ಶೀಟಿನ ಮೂಲೆಯಲ್ಲಿ ಕೆಂಪು ದಾರದ ಗುರುತು ಕಂಡಿತು. ನಮ್ಮ ಲಾಂಡ್ರಿಯದೇ ಗುರುತು. ನಮ್ಮಲ್ಲೇ ಯಾರೋ ಇಸ್ತ್ರಿ ಮಾಡಿದ ಬಟ್ಟೆ ಅದು. ಸೂಪರ್‌ವೈಸರು ಆ ಹಾಡನ್ನು ಗುನುಗುತ್ತಾ ನನ್ನ ಪಕ್ಕದಲ್ಲೇ ಹಾದುಹೋದ.

ಭಾನುವಾರ ತಮ್ಮ ಸೇತುವೆ ಕೆಳಗೆ ಹೋದ. ನಾನೂ ಹೋದೆ. ಅವನು ಎರಡು ಸಲ ಕೆಮ್ಮಿದ. ಬಾಯಿ ತೆರೆಯುವ ಮುಂಚೆಯೇ ಅಷ್ಟೂ ಜನ ಬೆನ್ನು ತಿರುಗಿಸಿದರು.

ನನಗೆ ತಡೆಯಲಾಗಲಿಲ್ಲ. “ಇದ್ಯಾವ ನ್ಯಾಯ? ಹರಿದ ಚಪ್ಪಲಿ ನೋಡಿ ಚಪ್ಪಾಳೆ ಹೊಡೀತಿದ್ರಿ. ಬೂಟು ಬಂದ ತಕ್ಷಣ ಕಳ್ಳ ಆಗ್ಬಿಟ್ನಾ? ನಿಮ್ಮ ಖುಷಿಗೆ ಅವನು ಬರಿಗಾಲಲ್ಲೇ ಸಾಯ್ಬೇಕಾ?”

ಮೊಬೈಲ್ ರಿಪೇರಿ ಮಾಡುವ ಹುಡುಗಿಯೊಬ್ಬಳು ತಿರುಗದೆಯೇ ಹೇಳಿದಳು: “ಬೂಟು ಹಾಕ್ಕೊಳ್ಲಿ ಅಕ್ಕ, ಎರಡು ಜೊತೆ ಹಾಕ್ಕೊಳ್ಲಿ. ನಿಮ್ಮ ಬೆರಳು ಎಲ್ಲಿ ಬಿಟ್ಟು ಬಂದ ಅಂತ ಕೇಳಿ.”

ನಾನು ತಮ್ಮನ ಕಡೆ ತಿರುಗಿದೆ. ತಮ್ಮ ಅಳುವ ದನಿಯಲ್ಲಿ, “ಹಳೇ ಮಾತು ನಾನು ಎಲ್ಲೂ ಹೇಳೋ ಹಂಗಿಲ್ಲ ಅಕ್ಕ. ಒಂದಕ್ಷರ ಹೇಳಿದ್ರೂ ಕೇಸು ಹಾಕ್ತಾರಂತೆ. ನಾನು ಸಹಿ ಹಾಕಿದೀನಿ” ಎಂದ.

“ನೀನು ಹಾಕಿದೀಯ. ನಾನು ಹಾಕಿಲ್ವಲ್ಲ?”

ಹಾಗೆಂದು ನಡುವೆ ಹೋಗಿ ನಿಂತೆ. ನನಗೆ ತಾಳ ಗೊತ್ತಿಲ್ಲ. ರೋಲರಿನ ಗಡಗಡ ಗೊತ್ತು, ಅದನ್ನೇ ನೆನೆಸಿಕೊಂಡು ಬಲಗೈ ಎತ್ತಿ ಆ ಹಳೇ ಹಾಡನ್ನೇ ಹೇಳತೊಡಗಿದೆ. ಎರಡು ಕಡೆ ಎಡವಿದೆ. ಹೊಸ ಮಾತೂ ಸೇರಿತು. ಹೆಬ್ಬೆಟ್ಟು ಒತ್ತಿಸಿಕೊಂಡದ್ದು, ಆಮೇಲೆ ನನ್ನ ರೋಲರಿನ ಪಟ್ಟಿ ಹರಿದಾಗ ಸೂಪರ್‌ವೈಸರು ಮತ್ತೊಂದನ್ನು ಬಿಗಿದದ್ದು, ಎಲ್ಲ ಹೇಳಿದೆ. ಮೊದಲು ತಿರುಗಿದವಳು ಆ ಹುಡುಗಿಯೇ. ಫೋನು ಎತ್ತಿ ಹಿಡಿದಿದ್ದಳು. ನನಗೆ ಅದರ ಮೇಲೂ ಅನುಮಾನ.

“ಅದ್ಯಾವ ಕಂಪನಿಗೆ?” ಎಂದೆ.

“ನಿಮ್ಮ ಲಾಂಡ್ರಿಯೋರಿಗೆ ಅಕ್ಕ. ನಂಬರ್ ಕೊಡಿ.”

ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ನನ್ನ ತಮ್ಮ ಬೂಟು ಬಿಚ್ಚಲು ಬಗ್ಗಿದ. “ಹಾಕ್ಕೊಂಡಿರು” ಎಂದು ಗದರಿದೆ. “ಪಕ್ಕದಲ್ಲಿ ನಿಲ್ಲು, ಸಾಕು.”

ಸೋಮವಾರ ಬೆಳಗಾಗುವಷ್ಟರಲ್ಲಿ ಅದು ಲಾಂಡ್ರಿಯವರೆಲ್ಲರ ಫೋನಿಗೂ ಹೋಗಿತ್ತು. ಕೆಲಸದ ಗಂಟೆ ಹೊಡೆಯುವ ಮುಂಚೆ ನನ್ನ ರೋಲರಿನ ಪಟ್ಟಿ ಬಿಚ್ಚಲು ಹೋದೆ. ಮೂರು ಬೆರಳಿಗೆ ಗಂಟು ಜಗ್ಗಲಿಲ್ಲ. ಪಕ್ಕದ ರೋಲರಿನವಳು ಬಂದು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಆಮೇಲೆ ತನ್ನದನ್ನೂ ಬಿಚ್ಚಿದಳು. ಸಾಲಿನುದ್ದಕ್ಕೂ ಕಂಬಿಗಳು ಕೆಳಗಿಳಿದವು.

ಸೂಪರ್‌ವೈಸರು ಒಳಗೆ ಬಂದ. ನೆಲದ ಮೇಲೆ ಬಿದ್ದಿದ್ದ ಪಟ್ಟಿಗಳನ್ನು ನೋಡಿದ.

“ಯಾರೇ ಇದನ್ನ ಬಿಚ್ಚಿದ್ದು?”

ಒದ್ದೆ ಬಟ್ಟೆಯ ರಾಶಿಯ ಹಿಂದಿನಿಂದ ಎರಡು ಸಲ ಕೆಮ್ಮು ಕೇಳಿಸಿತು. ಆಮೇಲೆ ಇಡೀ ಸಾಲು ಒಂದೇ ಬಾಯಲ್ಲಿ ಕೇಳಿತು:

“ಕಟ್ಟಿದ್ದು ಯಾರು?”