ಬರ್ಮಾದ ಗಾಡಿ

“ಆ ಎಡಗಡೆ ಕೆರೀಬ್ಯಾಡ. ಮೇಲೇ ಹಸಿರು ಬಳ್ದ್ಬುಡು,” ಎಂದ ಚಿಕ್ಕರಂಗಯ್ಯ.

ವನಜಳ ಕೈಯಲ್ಲಿದ್ದ ಉಪ್ಪುಕಾಗದ ಅಲ್ಲೇ ನಿಂತಿತು. ಅಪ್ಪನ ಬಾಯಲ್ಲಿ ಇಂಥ ಮಾತನ್ನು ಅವಳು ಕೇಳಿರಲಿಲ್ಲ. ತುಮಕೂರಿನ ಅಂಚಿನ ಬಟವಾಡಿಯ ಈ ಶೆಡ್ಡಿಗೆ ಬಣ್ಣಕ್ಕೆ ಬರುವುದು ಬಸ್ಸಾಗಲಿ ಲಾರಿಯಾಗಲಿ, ತಗಡಿನ ಬರಿಮೈ ಕಾಣುವ ತನಕ ನೀರು ಹಾಕಿ ಉಜ್ಜಲೇಬೇಕು ಎಂಬುದು ಅವನ ಹಟ. ಹಳೆಯ ಬಣ್ಣದ ಮೇಲೆಯೇ ಬಳಿದ ಒಬ್ಬ ಕೆಲಸಗಾರನನ್ನು, “ಹೆಣಕ್ಕೆ ಪೌಡರ್ ಹಾಕ್ತೀಯೇನ್ಲಾ?” ಎಂದು ಬೈದು ಓಡಿಸಿದ್ದ. ಅಮ್ಮ ತೀರಿಕೊಂಡ ವರ್ಷ ಆರನೆಯ ಕ್ಲಾಸಿಗೇ ಶಾಲೆ ಬಿಟ್ಟ ವನಜ ಕಲಿತದ್ದೆಂದರೆ ಈ ಉಜ್ಜುವ ಕೆಲಸ, ಮತ್ತೆ ಬಸ್ಸುಗಳ ನೆತ್ತಿಯ ಹಲಗೆಗೆ ಊರಿನ ಹೆಸರು ಬರೆಯುವ ಕೆಲಸ. ಯಾಕೆ ಎಂದು ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಗಾಡಿ ಬಂದು ಎರಡು ವಾರವಾದರೂ ಅಪ್ಪ ಅದರ ಎಡಗಡೆಗೆ ಒಂದು ಸಲವೂ ಬಂದು ನಿಂತಿಲ್ಲ ಎಂಬುದನ್ನು ಮಾತ್ರ ನೋಡಿದ್ದಳು.

ಗಾಡಿ ಯುದ್ಧಕಾಲದ್ದು. ಮೈಯೆಲ್ಲ ಬೆರಳು ದಪ್ಪದ ಉಕ್ಕು, ಕಿಟಕಿಯ ಜಾಗದಲ್ಲಿ ಸೀಳುಗಳು, ನೆತ್ತಿಯ ಮೇಲೆ ಬಂದೂಕಿನ ಗೂಡು. ನಲವತ್ತಾರರಲ್ಲಿ ಮಿಲಿಟರಿ ಹರಾಜಿನಲ್ಲಿ ಗುಬ್ಬಿಯ ಅಕ್ಕಿಗಿರಣಿಯವರೊಬ್ಬರು ಇಂಜಿನ್ನಿನ ಆಸೆಗೆ ಕೊಂಡು, ಅದು ಗಿರಣಿಗೆ ಒಗ್ಗದೆ ತೋಪಿಗೆ ನೂಕಿದ್ದರು. ಹದಿಮೂರು ವರ್ಷ ಅದರೊಳಗೆ ಕೋಳಿಗಳು ಮೊಟ್ಟೆಯಿಟ್ಟವು. ಈಗ ತುಮಕೂರಿನ ಒಂದು ಸಮಿತಿ ಅದನ್ನು ಸರಿಮಾಡಿಸಿ, ಆಗಸ್ಟ್ ಹದಿನೈದಕ್ಕೆ ಮೈದಾನದ ಮುಂದೆ ನಿಲ್ಲಿಸಲು ಹೊರಟಿತ್ತು. “ಬರ್ಮಾದಲ್ಲಿ ನಿಮ್ಮ ಸ್ನೇಹಿತ ಸಿದ್ದಗಂಗಯ್ಯ ಸತ್ತಿದ್ದು ಇಂಥ ಗಾಡೀಲೇ ಅಲ್ವೆ?” ಎಂದು ಸಭೆಯಲ್ಲಿ ಯಾರೋ ಕೇಳಿದರು. ಮಿಲಿಟರಿಯಲ್ಲಿ ಡ್ರೈವರಾಗಿದ್ದ ಚಿಕ್ಕರಂಗಯ್ಯ ತಲೆಯಾಡಿಸಿದ. ಅಲ್ಲಿಂದ ಅದು ಬರ್ಮಾದ ಗಾಡಿಯಾಯಿತು. ಹಾರ ಹಾಕಲು ಹೆಬ್ಬೂರಿನಿಂದ ಸಿದ್ದಗಂಗಯ್ಯನ ತಾಯಿ ಗಂಗಲಕ್ಷ್ಮಮ್ಮನನ್ನೇ ಕರೆಸುವುದೆಂದು ತೀರ್ಮಾನವೂ ಆಯಿತು.

ಗಂಗಲಕ್ಷ್ಮಮ್ಮ ಅವರ ಮನೆಗೆ ಹೊಸಬಳಲ್ಲ. ವರ್ಷಕ್ಕೊಮ್ಮೆ ಅವರೆಕಾಯಿ ಕಾಲದಲ್ಲಿ ಚೀಲ ತುಂಬ ಕಾಯಿ ಹೊತ್ತು ಮಗನ ಸ್ನೇಹಿತನನ್ನು ನೋಡಲು ಬರುತ್ತಿದ್ದಳು. ಸತ್ತವರನ್ನು ಮಣ್ಣು ಮಾಡಿದ ಮೂರನೆಯ ದಿನ ಗುಡ್ಡೆಗೆ ಹಾಲುತುಪ್ಪ ಬಿಡುವುದು ಅವರ ಕಡೆಯ ಪದ್ಧತಿ. ಮಗನ ಗುಡ್ಡೆ ಬರ್ಮಾದಲ್ಲಿ ಎಲ್ಲೋ ಇತ್ತು. ಅವನು ಸತ್ತ ದಿನ ಬಂದಾಗಲೆಲ್ಲ ಆಕೆ ಹೊಲದ ಬದುವಿನ ಮೇಲೆ ನಿಂತು, ಮೂಡಲಿಗೆ ಮುಖ ಮಾಡಿ, ಬರಿ ನೆಲಕ್ಕೆ ಹಾಲು ಸುರಿಯುತ್ತಿದ್ದಳು. “ಅವ್ನಿಗೆ ಮುಟ್ತದೋ ಇಲ್ವೋ, ರಂಗಪ್ಪ?” ಎಂದು ಇಲ್ಲಿಗೆ ಬಂದಾಗಲೆಲ್ಲ ಕೇಳುವಳು. “ಮುಟ್ತದೆ ಬುಡವ್ವ,” ಎಂದು ಚಿಕ್ಕರಂಗಯ್ಯ ಆ ಹೊತ್ತಿಗೆ ಸರಿಯಾಗಿ ಯಾವುದೋ ಸ್ಪಾನರ್ ಹುಡುಕಿಕೊಂಡು ಎದ್ದುಹೋಗುವನು.

ಮಾರನೆಯ ದಿನ ಅಪ್ಪ ಗುಬ್ಬಿಗೆ ಹೋಗಿದ್ದಾಗ ಸುಬ್ಬಕೃಷ್ಣ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು. ಗಾಡಿಯ ಪಕ್ಕ ನಿಲ್ಲಿಸುವ ಕಲ್ಲಿಗೆ ಒಕ್ಕಣೆ ಬರೆಯುವ ಕೆಲಸ ಅವರದು.

“ಏನಮ್ಮ ವನಜ, ಎಲ್ಲಿ ನಿಮ್ಮಪ್ಪ?”

“ಗಾಡಿ ನೆತ್ತಿ ಮುಚ್ಚಳ ತರಾಕೆ ಹೋಗವ್ರೆ. ಗುಬ್ಬಿ ಆಲೆಮನೇಲಿ ಐತಂತೆ,” ಎಂದಳು ವನಜ ನೆಲ ನೋಡುತ್ತ.

“ಆಲೆಮನೇಲಿ ಅದಕ್ಕೇನು ಕೆಲಸ?”

“ಕೊಪ್ಪರಿಗೆ ಮುಚ್ಚಾಕೆ.”

ಮೇಷ್ಟ್ರು ಜೋರಾಗಿ ನಕ್ಕರು. “ಜಪಾನಿನವರ ಗುಂಡು ತಡೆದದ್ದು ಈಗ ನೊಣ ತಡೀತಿದೆ ಅನ್ನು!” ನಗು ನಿಲ್ಲಿಸಿ ಗಾಡಿಯ ಸುತ್ತ ಒಂದು ಸುತ್ತು ಬಂದರು. “ತಮಾಷೆ ಇರಲಿ, ಕಲ್ಲಿಗೆ ಏನಂತ ಕೆತ್ತಿಸ್ಲಿ? ಮೂರು ಆಫೀಸಿಗೆ ಕಾಗದ ಬರೆದೆ. ನಂಬರ್ ಇಲ್ದೆ ಏನೂ ಹೇಳಕ್ಕಾಗಲ್ಲ ಅಂತಾರೆ. ಇನ್ನೊಂದು ಮಾತು. ಬರ್ಮಾದಲ್ಲಿ ಯುದ್ಧ ಮಾಡಿದ ಗಾಡಿಗೆ ಮೈಮೇಲೆ ಒಂದಾದ್ರೂ ಗುಂಡಿನ ಗುರುತು ಬೇಡ್ವೆ? ಆ ಎಡಗಡೆ ಬಾಗಿಲ ಪಕ್ಕ ಕೆರೆದು ನೋಡು. ಗುರುತು ಬರೆಯೋದು ಅಲ್ಲೇ.”

“ಅಪ್ಪ ಬ್ಯಾಡ ಅಂದವ್ರೆ.”

“ಯಾರು, ಚಿಕ್ಕರಂಗಯ್ಯನೇ?” ಮೇಷ್ಟ್ರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಮತ್ತೇನೂ ಕೇಳದೆ ಕೊಡೆ ಬಿಡಿಸಿಕೊಂಡು ಹೊರಟರು.

ವನಜ ಬಕೆಟ್ಟಿಗೆ ನೀರು ತುಂಬಿಕೊಂಡು ಎಡಗಡೆಗೆ ಹೋದಳು. ಮೇಲಿನದು ಗಿರಣಿಯವರ ಕೆಂಪು. ಅದರಡಿ ಮಿಲಿಟರಿಯ ಹಸಿರು. ಹಸಿರು ತೆಳುವಾಗುತ್ತ ಬಂದಾಗ ಒಂದು ಬಿಳಿ ಅಂಚು ಇಣುಕಿತು. ಒರಟು ಕಾಗದ ಬಿಟ್ಟು, ಸವೆದ ತುಂಡು ಹಿಡಿದು, ಮಗುವಿನ ಮೈ ತಿಕ್ಕುವ ಹಾಗೆ ತಿಕ್ಕಿದಳು. ಮೊದಲ ಸಾಲಿನಲ್ಲಿ ಬಂದದ್ದು, ತಾನು ಶಾಲೆಗೆ ಹೋಗುವ ದಾರಿಯಲ್ಲಿ ಮೇಷ್ಟ್ರುಗಳ ಟ್ರೈನಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಕಾಣುತ್ತಿದ್ದ ‘ಟ್ರೈನಿಂಗ್’ ಎಂಬ ಪದ. ಎರಡನೆಯ ಸಾಲು ಪೂರ್ತಿಯಾಗುವ ಮೊದಲೇ ಗೊತ್ತಾಯಿತು. ಇಂಗ್ಲಿಷಿನ ಒಂಬತ್ತು ಅಕ್ಷರ. ಬಸ್ಸಿನ ಹಲಗೆಗಳ ಮೇಲೆ ಅವಳೇ ಎಷ್ಟು ಸಲ ಬರೆದಿದ್ದಳೋ. ಬೆಂಗಳೂರು.

ಚಿಕ್ಕರಂಗಯ್ಯ ಮುಚ್ಚಳ ಹೊತ್ತು ಬಂದವನು ಅದನ್ನು ಕೆಳಗಿಡುವುದನ್ನೂ ಮರೆತು ನಿಂತ. ಮಗಳು ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದಳು. ಅವನೇ ಶುರುಮಾಡಿದ.

“ಇಂಥವು ನಾಕಿದ್ವು ಕಣವ್ವ, ಬೆಂಗಳೂರಲ್ಲಿ ಡ್ರೈವಿಂಗ್ ಕಲಿಸೋ ಕ್ಯಾಂಪಲ್ಲಿ. ಇದೇ ಹೌದೋ ಅಲ್ವೋ ನಂಗೆ ಗೊತ್ತಿಲ್ಲ. ಇಳಿಜಾರಲ್ಲಿ ನಿಲ್ಲಿಸ್ದೆ. ಚಕ್ರಕ್ಕೆ ಕಲ್ಲು ಕೊಡ್ಲಿಲ್ಲ. ಬೀಡಿ ಹಚ್ಚಕ್ಕೆ ಹೋದೆ. ಸಿದ್ದಗಂಗ ಹಿಂದ್ಗಡೆ ಕೂತು ತೊಳೀತಿದ್ದ. ಗಾಡಿ ಹಿಂದಕ್ಕೆ ಜಾರ್ತು.”

ಮುಚ್ಚಳವನ್ನು ಮೆಲ್ಲಗೆ ಕೆಳಗಿಳಿಸಿದ.

“ಅವನ ಪೆಟ್ಟಿಗೆ ತಗಂಡು ಹೆಬ್ಬೂರಿಗೆ ಹೋದವ್ನು ನಾನೇ. ಆಯಮ್ಮ, ಬರ್ಮಾಕ್ಕೆ ಹೋಗಿದ್ನಾ ನನ್ ಮಗ ಅಂತ ಕೇಳಿದ್ಲು. ಹೂಂ ಅಂದೆ. ಅಷ್ಟೇ. ಬರ್ಮಾನ ನಾನೂ ನೋಡಿಲ್ಲ.”

ವನಜಳಿಗೆ ತಾನು ಚಿಕ್ಕವಳಿದ್ದಾಗ ಅಪ್ಪ ಹೇಳುತ್ತಿದ್ದ ಕಾಡು, ಜಿಗಣೆ, ಬಿದಿರಿನ ಸೇತುವೆಗಳ ಕತೆಗಳು ಒಂದೊಂದಾಗಿ ಬಂದು ಹೋದವು. “ಎಲ್ಲಿ ಮಣ್ಣು ಮಾಡಿದ್ರಿ?” ಎಂದಳು.

“ಅಲ್ಲೇ, ಕ್ಯಾಂಪಿನ ಹಿಂದೆ. ಹೆಸರಿಲ್ಲ, ಬರೀ ಗುಡ್ಡೆ. ನಾನು ತೋರ್ಸಿದ್ರೇ ಗೊತ್ತಾಗೋದು.” ಅವನು ಬಣ್ಣದ ಡಬ್ಬದ ಕಡೆ ನೋಡಿದ. “ಬಳ್ದ್ಬುಡು ವನಜ. ಈ ವಯಸ್ಸಲ್ಲಿ ಆಯಮ್ಮಂಗೆ ಯಾಕೆ.”

ಅವಳು ಬಳಿಯಲಿಲ್ಲ. ಬೆಳಿಗ್ಗೆ ಡಬ್ಬ ತೆರೆದು ಕುಂಚ ಹಿಡಿದು ನಿಂತವನು ಚಿಕ್ಕರಂಗಯ್ಯನೇ. ಆದರೆ ಅವನು ಕುಂಚ ಅದ್ದುವಷ್ಟರಲ್ಲಿ ಬಾಗಿಲಲ್ಲಿ ಗಂಗಲಕ್ಷ್ಮಮ್ಮ ನಿಂತಿದ್ದಳು.

“ಹದಿನೈದ್ನೇ ತಾರೀಖಿನ ಗಂಟ ಇರಾಕಾಗ್ಲಿಲ್ಲ ಕಣಪ್ಪ ರಂಗ. ಜನದ ಮಧ್ಯೆ ನೋಡಾಕೂ ಬುಡಾಕಿಲ್ಲ, ಅಳಾಕೂ ಬುಡಾಕಿಲ್ಲ. ಅದ್ಕೇ ಮೊದಲ್ನೇ ಬಸ್ಸಿಗೆ ಬಂದ್ಬುಟ್ಟೆ.”

ಆಕೆ ಚಪ್ಪಲಿ ಹೊರಗೆ ಬಿಟ್ಟು ಬಂದು ಗಾಡಿಯ ಮೈ ಸವರಿದಳು. “ಎಷ್ಟು ತಣ್ಣಗೈತೆ.” ಹಾಗೇ ಸವರುತ್ತ ಎಡಗಡೆಗೆ ಬಂದಳು. ಬೆರಳು ಬಿಳಿಯ ಅಕ್ಷರಗಳ ಮೇಲೆ ನಿಂತಿತು. ಓದು ಬಾರದವಳು. ಬೇಕಾದರೆ ಆಕೆಗೆ ಯಾವ ಊರಿನ ಹೆಸರನ್ನಾದರೂ ಹೇಳಿಬಿಡಬಹುದಿತ್ತು.

“ಇದೇನವ್ವ ಬರ್ದಿರಾದು, ಬರ್ಮಾ ಅಂತಲಾ?” ಎಂದು ವನಜಳನ್ನು ಕೇಳಿದಳು.

ಚಿಕ್ಕರಂಗಯ್ಯ ಮಗಳನ್ನು ನೋಡಿದ. ವನಜ ನೆಲ ನೋಡುತ್ತ ಕೈಕಟ್ಟಿ ನಿಂತಳು. ಕ್ಲಾಸಿನಲ್ಲಿ ಮೇಷ್ಟ್ರು ಎಬ್ಬಿಸಿದಾಗಲೂ ಹೀಗೇ ನಿಲ್ಲುತ್ತಿದ್ದಳು.

“ಬೆಂಗಳೂರು,” ಎಂದಳು.

“ಬೆಂಗಳೂರಾ? ಅಲ್ಲಿಂದ ಬರ್ಮಾಕ್ಕೆ ಹೋಯ್ತಾ?”

ಚಿಕ್ಕರಂಗಯ್ಯ ಕುಂಚವನ್ನು ಡಬ್ಬದ ಮೇಲಿಟ್ಟ. ಗಾಡಿಯ ಚಕ್ರಕ್ಕೆ ಒರಗಿ ಕುಕ್ಕರಿಸಿದ. ಹೇಳಿದ. ಕಲ್ಲು ಕೊಡದೆ ಹೋದದ್ದನ್ನೂ ಹೇಳಿದ, ಬೀಡಿಯನ್ನೂ ಬಿಡಲಿಲ್ಲ. ಹೆಸರಿಲ್ಲದ ಆ ಗುಡ್ಡೆ ತಾನು ತೋರಿಸಿದರೇ ಗೊತ್ತಾಗುವುದು ಎಂದೂ ಹೇಳಿದ.

ಗಂಗಲಕ್ಷ್ಮಮ್ಮ ನಿಂತೇ ಕೇಳಿದಳು. ಮುಗಿದ ಮೇಲೆ ಅವನ ಕಡೆ ತಿರುಗಲಿಲ್ಲ, ವನಜಳನ್ನೇ ಕೇಳಿದಳು.

“ಎಷ್ಟೊತ್ತಿನ ದಾರಿ?”

“ಎರಡೂವರೆ ಗಂಟೆ, ಅಜ್ಜಿ.”

“ಒತ್ತಾರೆ ಹೋದ್ರೆ ಬೈಗಿಗೆ ಬರ್ಬೋದಿತ್ತು,” ಎಂದಳು ಗಂಗಲಕ್ಷ್ಮಮ್ಮ, ಸಂತೆಗೆ ಹೋಗಿಬರುವ ಮಾತಾಡುವ ಹಾಗೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಹದಿನೈದು ವರ್ಷ. ಬದುವಿನ ಮೇಲೆ ಹುಚ್ಚಿ ನಿಂತಂಗೆ ನಿಂತಿದ್ನಲ್ಲೋ. ಮಣ್ಣು ಮಾಡೋ ದಿನ ಮಖ ನೋಡ್ಬೋದಿತ್ತಲ್ಲೋ ರಂಗ.”

ವನಜ ತಂದಿಟ್ಟ ನೀರು ಹಾಗೇ ಇತ್ತು. ಮುದುಕಿ ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಚಿಕ್ಕರಂಗಯ್ಯನೂ ಎದ್ದ. ಕರೆಯುವ ಧೈರ್ಯವಿಲ್ಲದೆ ಹತ್ತು ಹೆಜ್ಜೆ ಹಿಂದೆ ನಡೆದ. ಆಕೆ ಊರಿನ ಬಸ್ಸಿಗೆ ಪೇಟೆಯ ಕಡೆ ತಿರುಗಲಿಲ್ಲ. ರಸ್ತೆ ದಾಟಿ, ಬೆಂಗಳೂರಿನ ಬಸ್ಸು ನಿಲ್ಲುವ ಹೊಂಗೆಮರದಡಿ ನಿಂತಳು. ಅವನು ಅಲ್ಲಿಗೂ ಹೋಗಿ, ನೆರಳಿನ ಆಚೆ ಬಿಸಿಲಲ್ಲಿ ನಿಂತ.

ವನಜ ಶೆಡ್ಡಿನ ಬಾಗಿಲಿಂದ ನೋಡುತ್ತಿದ್ದಳು. ಬಸ್ಸು ಬಂದು ನಿಂತಿತು. ಮುದುಕಿ ಹತ್ತಿದಳು. ಅಪ್ಪ ಹತ್ತಲಿಲ್ಲ. ಬಸ್ಸು ಹೊರಟು ನಾಲ್ಕು ಮಾರು ಹೋಗಿ ಮತ್ತೆ ನಿಂತಿತು. ಕಂಡಕ್ಟರ್ ಒಳಗೆ ಯಾರಿಗೋ ಏನೋ ಗದರುತ್ತಿದ್ದ. ಬಾಗಿಲು ತೆರೆದೇ ಇತ್ತು. ಅದರ ಸರಳನ್ನು ಒಂದು ಮುದಿ ಕೈ ಹಿಡಿದುಕೊಂಡಿತ್ತು. ಅದು ಕರೆಯಲಿಲ್ಲ, ಒಳಗೂ ಹೋಗಲಿಲ್ಲ.