ಮೂರನೆಯ ಸಾಲಿನಲ್ಲಿ ವಾಹೆ

ಇನ್ನೊಂದು ಸಲ ನಗಬೇಕಂತೆ ಎಂದು ಡಾರ್ಬಿ ಮೈಕಿನಲ್ಲಿ ಹೇಳಿದಾಗ ಪ್ರೇಕ್ಷಕರು ಆ ಮಾತಿಗೇ ನಕ್ಕರು. ಚಿತ್ರೀಕರಣದ ನಡುವೆ ಜನರ ನಗು ಆರಿಹೋಗದಂತೆ ನೋಡಿಕೊಳ್ಳುವುದೇ ಅವನ ಕಸುಬು. ಬರ್ಬ್ಯಾಂಕಿನ ಆ ಸ್ಟುಡಿಯೋಕ್ಕೆ ಪುಕ್ಕಟೆ ಬಂದು ಕೂತವರು ಸಲ್ಲಿಸಬೇಕಾದ ಸೇವೆಯೂ ಅಷ್ಟೇ: ಒಂದೇ ಮಾತನ್ನು ಪ್ರತಿ ಸಲವೂ ಈಗಷ್ಟೇ ಕೇಳಿದವರಂತೆ ನಗುವುದು.

ಕೆಳಗೆ ರಟ್ಟಿನ ಸಮಾಧಿ, ಪ್ಲಾಸ್ಟಿಕ್ ಹುಲ್ಲು. ನೆನಪು ಕಳೆದುಕೊಂಡ ಲೂಯೆಲ್ಲಾ ಎಂಬ ಹೆಂಗಸು ಹಿಂದೆ ತಾನೆಷ್ಟು ಕೆಟ್ಟವಳಾಗಿದ್ದೆ ಎಂದು ವಾರವಾರವೂ ಒಂದೊಂದಾಗಿ ಕಂಡುಕೊಂಡು ಸರಿಪಡಿಸುತ್ತ ಹೋಗುವ ಹಾಸ್ಯ ಧಾರಾವಾಹಿ ಅದು. ಈ ವಾರ ಅವಳು ತಾಯಿಯ ಸಮಾಧಿಗೆ ಬಂದಿದ್ದಳು. ‘ಅಮ್ಮಾ, ಮಣ್ಣಿಗೆ ಬರೋಕಾಗ್ಲಿಲ್ಲ. ಪಾರ್ಕಿಂಗ್ ಸಿಗೋದ್ರಲ್ಲಿ ಎರಡು ವರ್ಷ ಆಯ್ತು.’ ಮೊದಲ ಸಲ ಸ್ಟುಡಿಯೋದ ಚಾವಣಿ ಹಾರುವಂತೆ ನಕ್ಕಿದ್ದರು. ಆ ಮಾತನ್ನು ಬರೆದ ಸಿರಾನ್ ಕ್ಯಾಮೆರಾದ ಹಿಂದೆ ಉಳಿದ ಬರಹಗಾರರ ಜೊತೆ ನಿಂತು ತಾನೂ ನಕ್ಕಿದ್ದಳು. ತನ್ನ ಜೋಕಿಗೆ ತಾನೇ ನಗದಿದ್ದರೆ ಅಲ್ಲಿ ಹೊಟ್ಟೆಪಾಡು ನಡೆಯುವುದಿಲ್ಲ.

ನಗದೆ ಕೂತಿದ್ದವನು ಒಬ್ಬನೇ, ಮೂರನೆಯ ಸಾಲಿನಲ್ಲಿ. ಡಾರ್ಬಿಗೆ ಅಂಥವರೆಂದರೆ ಹಬ್ಬ. ಮೆಟ್ಟಿಲು ಹತ್ತಿ ಹೋಗಿ, ಏನು ಯಜಮಾನರೇ, ಹೊಸ ಬೂಟು ಕಚ್ಚುತ್ತಿದೆಯೇ ಎಂದು ಮೈಕನ್ನು ಅವನ ಬಾಯಿಗೆ ಹಿಡಿದ.

“ಅದು ನಾನೇ,” ಎಂದ ಆ ಮನುಷ್ಯ. ಮೈಕು ಅವನ ದನಿಯನ್ನು ಇಡೀ ಸ್ಟುಡಿಯೋಕ್ಕೆ ಹಂಚಿತು. “ನಮ್ಮಮ್ಮನ ಮಣ್ಣಿಗೆ ನಾನ್ ಹೋಗ್ಲಿಲ್ಲ. ನಂಗೆ ನೆನಪಿಲ್ಲ. ನನ್ ತಂಗಿ ಬರೆದ ಮೇಲೇ ಗೊತ್ತಾಗಿದ್ದು.”

ಆಮೇಲೆ ಪಾರ್ಕಿಂಗಿನ ಮಾತಿಗೆ ಯಾರೂ ಸರಿಯಾಗಿ ನಗಲಿಲ್ಲ. ಎರಡನೆಯ ಸಲದ ಚಿತ್ರೀಕರಣದಲ್ಲಿ ನಗು ಮಳೆ ನಿಂತ ಮೇಲಿನ ಸೂರಿನಂತೆ ಅಲ್ಲೊಂದು ಇಲ್ಲೊಂದು ಹನಿಯಾಯಿತು. ಮುಖ್ಯ ಬರಹಗಾರ ಗಾರ್ವಿನ್ ತಲೆ ಚಚ್ಚಿಕೊಂಡ. ನಿಮ್ಮಣ್ಣನನ್ನು ಸಮಾಧಾನ ಮಾಡು, ಇಲ್ಲವೇ ಬೇರೆ ಜೋಕು ಕೊಡು, ಏನಾದರೂ ಒಂದು ಬೇಗ ಮಾಡು ಎಂದು ಸಿರಾನಳನ್ನು ಮೆಟ್ಟಿಲಿನತ್ತ ತಳ್ಳಿದ.

ಅವಳ ಅಣ್ಣ ವಾಹೆ ಪಕ್ಕದ ಊರು ಗ್ಲೆಂಡೇಲಿನಲ್ಲಿ ನೆಲಹಾಸು ಕೂರಿಸುವ ಕೆಲಸದವನು. ಯಾರದೋ ಮನೆಯ ಮಹಡಿಯಿಂದ ಬಿದ್ದು ಎದ್ದಾಗ ಹಿಂದಿನದೆಲ್ಲ ಒರೆಸಿಹೋಗಿತ್ತು. ಕೈಗೆ ಮಾತ್ರ ಕೆಲಸ ನೆನಪಿತ್ತು. ಆಸ್ಪತ್ರೆಗೆ ಬಂದ ಸಿರಾನ್ ನಾನು ನಿನ್ನ ತಂಗಿ ಎಂದಾಗ, ತನಗೊಬ್ಬಳು ತಂಗಿಯೂ ಇದ್ದಾಳೆಂದು ಅವನಿಗೆ ಮಗುವಿನಂತೆ ಸಂತೋಷವಾಗಿತ್ತು. ಅದಕ್ಕೂ ಮುಂಚೆ ಒಂದು ವರ್ಷ ಅವನು ಅವಳ ಮುಖ ನೋಡಿರಲಿಲ್ಲ. ತಾಯಿ ಅರ್ಪಿನೆ ಹಾಸಿಗೆ ಹಿಡಿದ ವಾರ ಸಿರಾನಳ ಮೊದಲ ಧಾರಾವಾಹಿಯ ಚಿತ್ರೀಕರಣವಿತ್ತು. ಮಣ್ಣು ಮಾಡುವ ದಿನವೂ ಇತ್ತು. ಅವಳು ಫೋನು ಮುಚ್ಚಿಟ್ಟು ಕೆಲಸ ಮಾಡಿದಳು. ಚರ್ಚಿನಲ್ಲಿ ಅವಳಿಗಾಗಿ ಹಿಡಿದಿಟ್ಟ ಜಾಗ ಖಾಲಿಯೇ ಉಳಿದಿತ್ತೆಂದು ಆಮೇಲೆ ನೆಂಟರು ಹೇಳಿದ್ದರು. ಆಸ್ಪತ್ರೆಯಲ್ಲಿ ಅಣ್ಣನ ನಗು ಕಂಡು ಅವಳಿಗೆ ದುಃಖಕ್ಕಿಂತ ಮೊದಲು ಬಂದದ್ದು ನೆಮ್ಮದಿ. ಅದಕ್ಕಾಗಿ ತನ್ನನ್ನು ತಾನೇ ಉಗಿದುಕೊಂಡಳು, ಆದರೂ ನೆಮ್ಮದಿ ಹೋಗಲಿಲ್ಲ.

ಬರಹಗಾರರ ಕೋಣೆಯ ಪದ್ಧತಿ ಸರಳ: ಯಾರ ಮನೆಯ ಮಾನ ಹೆಚ್ಚು ಹರಾಜಾಗುತ್ತದೋ ಅವರ ಕಥೆಗೆ ಅಂದು ಗೆಲುವು. ಲೂಯೆಲ್ಲಾಳ ದೊಡ್ಡ ತಪ್ಪು ಯಾವುದೆಂದು ಎಲ್ಲರೂ ತಡಕಾಡುತ್ತಿದ್ದ ದಿನ ಸಿರಾನ್ ತನ್ನದೇ ತಪ್ಪನ್ನು ಮೇಜಿನ ಮೇಲಿಟ್ಟಳು. ತನ್ನದು ಎನ್ನಲು ನಾಲಿಗೆ ಏಳಲಿಲ್ಲ, ಅಣ್ಣನದು ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಧಾರಾವಾಹಿಗೆ ಅವನೇ ಮೂಲ ಎಂದು ಮೊದಲೇ ಎಲ್ಲರಿಗೂ ಹೇಳಿದ್ದಳು, ಅವನಿಗೂ ಹೇಳಿದ್ದಳು. ಅವನು ಹೆಮ್ಮೆಯಿಂದ ಒಪ್ಪಿದ್ದ. ಲೂಯೆಲ್ಲಾ ತಾಯಿಯ ಮಣ್ಣಿಗೆ ಹೋಗದ್ದು ಬಯಲಾದ ಆ ಕಂತು ಬಂದು ಹೋಗಿ ತಿಂಗಳುಗಳಾದರೂ ಅವನು ಏನೂ ಕೇಳಿರಲಿಲ್ಲ, ಹಾಗಾಗಿ ಅವನಿಗೆ ತಟ್ಟಲಿಲ್ಲ ಎಂದುಕೊಂಡಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಇಲ್ಲಿ ಕದಿಯದವನು ನೋಡಿಕೊಂಡಿದ್ದ.

ಅವಳು ಅವನ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಕೆಲಸ ಕೆಡಿಸಿಬಿಟ್ಟೆನಲ್ಲ ಎಂದು ಅವನೇ ಮೊದಲು ಪೇಚಾಡಿದ. ಪರವಾಗಿಲ್ಲ ಬಿಡು ಎಂದಳು.

“ಮುಂಚೇನೇ ಕೇಳ್ಬೇಕಿತ್ತು ತಂಗಿ, ಮುಖ ಇರ್ಲಿಲ್ಲ,” ಎಂದ ವಾಹೆ. “ಆವತ್ತು ನೀನೊಬ್ಳೇ ಎಲ್ಲಾ ನಿಭಾಯ್ಸಿದ್ಯಲ್ಲ. ನನ್ ಕ್ಷಮಿಸ್ಬಿಡು.”

ಅವನು ಮುಂದುವರಿಸಿದ. ಭಾನುವಾರ ಭಾನುವಾರ ಅಮ್ಮನ ಸಮಾಧಿಗೆ ಹೋಗುತ್ತಾನಂತೆ. ಸುತ್ತ ಕಲ್ಲು ಹಾಸಿದ್ದಾನಂತೆ, ಒಂದೊಂದನ್ನೂ ಕೈಯಲ್ಲೇ ಉಜ್ಜಿ ನಯ ಮಾಡಿ. ಶೂಷನ್ ಚಿಕ್ಕಮ್ಮನ ಮನೆಗೂ ಹೋಗಿ ಕಾಲ ಬಳಿ ಕೂತು ತಪ್ಪಾಯಿತು ಎಂದನಂತೆ. “ಅವ್ರು ನನ್ ತಲೆ ತಬ್ಕೊಂಡು ಅತ್ರು. ನೀನ್ಯಾಕೋ ಕೇಳ್ತೀಯ, ನೀನ್ಯಾಕೋ ಕೇಳ್ತೀಯ ಅಂದ್ರು. ದೊಡ್ಡ ಮನಸ್ಸು ಅವ್ರದ್ದು.”

ಇಷ್ಟು ದಿನ ಸಿರಾನಳ ಪಾಲಿನ ಪ್ರಾಯಶ್ಚಿತ್ತವನ್ನು ಅಣ್ಣ ಮಂಡಿಯೂರಿ ಮಾಡುತ್ತಿದ್ದ, ಅವಳು ಅದರ ಮೇಲೆ ಪಾರ್ಕಿಂಗಿನ ಜೋಕು ಬರೆಯುತ್ತಿದ್ದಳು. ಕೆಳಗಿನಿಂದ ಗಾರ್ವಿನ್ ಜೋಕು ಸಿಕ್ಕಿತೇ ಎಂದು ಕೈಸನ್ನೆಯಲ್ಲೇ ಕೇಳುತ್ತಿದ್ದ.

“ಅಣ್ಣ, ನೀನ್ ಹೋಗಿದ್ದೆ,” ಎಂದಳು. “ಅಮ್ಮನ್ ಶವಪೆಟ್ಟಿಗೆ ಮುಂದಿನ ಹಿಡಿ ನಿನ್ ಕೈಲಿತ್ತಂತೆ. ಹೋಗ್ದೆ ಇದ್ದೋಳು ನಾನು. ಅವ್ರು ನಕ್ಕಿದ್ದು ನಿನಗಲ್ಲ, ನನಗೆ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಕೋಪಕ್ಕೆ ಕಾದಿದ್ದಳು. ಬಂದದ್ದು ಕೋಪವಲ್ಲ. ಅವನ ಮುಖ ಅರಳಿತು. ಹೊತ್ತ ಮೂಟೆ ಇಳಿಸಿದವನಂತೆ ಹೆಗಲು ಸಡಿಲವಾಯಿತು.

“ಹಂಗಾದ್ರೆ ನಾನ್ ಅಮ್ಮನ್ ಜೊತೇಲಿದ್ದೆ,” ಎಂದ.

“ಕೊನೇವರೆಗೂ ಇದ್ದೆ.”

ಅವನು ತನ್ನ ಬಲಗೈಯನ್ನೇ ತಿರುಗಿಸಿ ನೋಡಿಕೊಂಡ. ಆಮೇಲೆ, ಅಡ್ರೆಸ್ ಕೇಳುವವನಷ್ಟು ಸಹಜವಾಗಿ ಕೇಳಿದ: “ಆಮೇಲೆ ನಿನ್ನ ಕ್ಷಮಿಸ್ದೆನಾ ನಾನು?”

ಇದಕ್ಕೆ ಉತ್ತರ ಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ. ಹೂಂ ಎಂದರೆ ಅವನು ನಂಬುತ್ತಿದ್ದ, ಟೀವಿಯನ್ನು ನಂಬಿದ ಹಾಗೆಯೇ. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಹೂಂ ನಾಲಿಗೆಯ ತುದಿಗೂ ಬಂದಿತ್ತು.

“ಇಲ್ಲ,” ಎಂದಳು. “ನೀನ್ ಬೀಳೋವರೆಗೂ ನನ್ ಮಾತಾಡಿಸ್ಲಿಲ್ಲ.”

“ಅಷ್ಟು ಕೋಪ ಇತ್ತಾ?” ವಾಹೆ ಎದುರಿನ ದೀಪಗಳತ್ತ ನೋಡಿದ. ಕಳೆದ ಬೀಗದ ಕೈಗಾಗಿ ಜೇಬು ತಡಕುವವರ ಮುಖ ಹಾಗಿರುತ್ತದೆ. “ಆ ಕೋಪಾನ ಹುಡುಕ್ತಾ ಇದೀನಿ ತಂಗಿ. ಎಲ್ಲೂ ಸಿಗ್ತಿಲ್ಲ.” ಮತ್ತೆ ನಿಧಾನವಾಗಿ ಹೇಳಿದ: “ಅಮ್ಮನಿಗೋಸ್ಕರ ಆದ್ರೂ ಸಿಗ್ಬೇಕಿತ್ತು.”

ಕೆಳಗೆ ಗಂಟೆ ಹೊಡೆಯಿತು. ಜೋಕಿಗೆ ಕಾದು ಸಾಕಾದ ಗಾರ್ವಿನ್ ಹಳೆಯ ಮಾತನ್ನೇ ಇಟ್ಟುಕೊಳ್ಳಲು ಹೇಳಿದ. ಡಾರ್ಬಿ ಎಲ್ಲರಿಗೂ ಚಾಕಲೇಟು ಎಸೆದು, ಈಗಷ್ಟೇ ಮನೆಯಿಂದ ಬಂದವರ ಹಾಗೆ ನಗಬೇಕು ಎಂದು ಬೇಡಿಕೊಂಡ. ಪ್ರೇಕ್ಷಕರ ಮೇಲಿನ ದೀಪಗಳು ಆರಿದವು. ಸಿರಾನ್ ಮೆಟ್ಟಿಲಿನಿಂದ ಎದ್ದಳು. ಇಳಿದು ಹೋಗುವುದೋ ಇರುವುದೋ ತಿಳಿಯದೆ ನಿಂತಳು. ವಾಹೆಯ ಆಚೆ ಒಂದು ಕುರ್ಚಿ ಖಾಲಿ ಇತ್ತು. ಅವನು ಅವಳತ್ತ ನೋಡಲಿಲ್ಲ, ಕೂತುಕೋ ಎನ್ನಲಿಲ್ಲ. ಮೊಣಕಾಲುಗಳನ್ನಷ್ಟೇ ಪಕ್ಕಕ್ಕೆ ತಿರುಗಿಸಿ ದಾರಿ ಬಿಟ್ಟ.

ಅವಳು ದಾಟಿ ಹೋಗಿ ಕೂತಳು. ಲೂಯೆಲ್ಲಾ ಸಮಾಧಿಯ ಮುಂದೆ ನಿಂತು ತಾಯಿಯನ್ನು ಕರೆದಳು. ಸುತ್ತ ನಗು ಎದ್ದಿತು, ಕೇಳಿಕೊಂಡದ್ದಕ್ಕಿಂತ ಜೋರಾಗಿಯೇ. ಅದು ಇಳಿಯುವವರೆಗೂ ಅಣ್ಣ ತಂಗಿ ಇಬ್ಬರೂ ಕೈಗಳನ್ನು ತಮ್ಮ ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.