ಗಾಣದ ಎಣ್ಣೆ, ಅಕೀಬನ ಮೈ

ಸೂಡಿ ಊರಿನ ಕಾಶೀಂಸಾಬನ ಗಾಣದ ಶೇಂಗಾ ಎಣ್ಣೆ ಹಚ್ಚಿದರೆ ಬೋಳು ತಲೆಯ ಮೇಲೆ ಕೂದಲು ಬರುವುದು ಏನೂ ದೊಡ್ಡ ಮಾತಲ್ಲ. ಗಜೇಂದ್ರಗಡದ ಬೋಳು ಗುಡ್ಡದ ಮೇಲೂ ಬರುತ್ತದೆ. ಒಮ್ಮೆ ಬಂದೇ ಬಿಟ್ಟಿತ್ತಂತೆ. ಡಬ್ಬಿ ಹೊತ್ತು ಗುಡ್ಡ ಏರುವಾಗ ಎರಡೇ ಎರಡು ಹನಿ ಚೆಲ್ಲಿದ್ದಕ್ಕೆ, ಬೆಳಗಾಗುವಷ್ಟರಲ್ಲಿ ಬಂಡೆಯ ಮೇಲೆ ಮೊಣಕಾಲುದ್ದ ಕೂದಲು ಬೆಳೆದು, ಕುರಿ ಕಾಯುವವರು ದಾರಿ ಕಾಣದೆ ಬಾಚಣಿಗೆ ತರಿಸಿದ್ದರಂತೆ.

ಹೀಗೆಂದು ಹೇಳುವವನು ಬೇರೆ ಯಾರೂ ಅಲ್ಲ, ಕಾಶೀಂಸಾಬನೇ. ಕೇಳಿದವರು ನಗುತ್ತಿದ್ದರು, ನಗುತ್ತಲೇ ಎಣ್ಣೆ ಕೊಂಡು ಹೋಗುತ್ತಿದ್ದರು. ಅಡುಗೆಗೆ ಅವನ ಎಣ್ಣೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಅಷ್ಟಕ್ಕೇ ನಿಲ್ಲುವ ಮನುಷ್ಯ ಅವನಲ್ಲ. ಮಂಡಿ ನೋವಿಗೂ ಅದೇ, ನೆಗಡಿಗೂ ಅದೇ, ಒಡೆದ ಹಿಮ್ಮಡಿಗೂ ಅದೇ. ಹೀಗಿರುವಾಗ ಒಂದೂವರೆ ವರ್ಷದ ಮೊಮ್ಮಗ ಅಕೀಬನ ಮೈಗೆ ತುರಿಕೆ ಹತ್ತಿದರೆ ಬೇರೆ ಔಷಧ ಹುಡುಕುವುದುಂಟೆ?

ಅಕೀಬನ ಕೆನ್ನೆ ಕೆಂಪಾಗಿ ಒರಟಾಗಿತ್ತು. ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ ಚರ್ಮ ಒಣಗಿ ಬಿರಿದು ನೀರು ಒಸರುತ್ತಿತ್ತು. ಕೆರೆದು ಕೆರೆದು ಬೆಳಗ್ಗೆ ಎದ್ದಾಗ ದಿಂಬಿನ ಮೇಲೆ ರಕ್ತದ ಚುಕ್ಕೆಗಳು ಇರುತ್ತಿದ್ದವು. ಗಾಣದಿಂದ ಆಗಷ್ಟೇ ಇಳಿದ ಎಣ್ಣೆಯನ್ನು ಅಜ್ಜ ದಿನಕ್ಕೆ ಮೂರು ಸಲ ತಿಕ್ಕುತ್ತಿದ್ದ. ಕೂಸು ಇನ್ನಷ್ಟು ಅಳುತ್ತಿತ್ತು.

ಇತ್ತ ಸೊಸೆ ಶಹನಾಜಳಿಗೆ ಓಣಿಯವರದು ಒಬ್ಬೊಬ್ಬರದು ಒಂದೊಂದು ಬುದ್ಧಿಮಾತು. ಹಾಲು ನಂಜು ಎಂದರು, ಬಿಟ್ಟಳು. ಕೋಳಿ ತತ್ತಿ ನಂಜು ಎಂದರು, ಅದನ್ನೂ ಬಿಟ್ಟಳು. ಬೇಳೆ, ಬದನೆಕಾಯಿ, ಬಾಳೆಹಣ್ಣು ಎಲ್ಲ ಹೋಗಿ ಕೂಸಿನ ತಟ್ಟೆಯಲ್ಲಿ ಉಳಿದದ್ದು ಬಿಳಿ ಅನ್ನ. ತುರಿಕೆ ಹೋಗಲಿಲ್ಲ, ಮೈ ಮಾತ್ರ ಇಳಿಯಿತು.

ಅಂಗನವಾಡಿಯಲ್ಲಿ ತೂಕ ಹಾಕಿದ ದಿನ ಆಶಾ ಕಾರ್ಯಕರ್ತೆ ದ್ರಾಕ್ಷಾಯಣಿ ನೇರ ಮನೆಗೇ ಬಂದಳು. ಗಜೇಂದ್ರಗಡದ ನೇಕಾರರ ಮನೆಯ ಮಗಳು, ಸೂಡಿಯ ಸೊಸೆ; ತುಂಡಾದ ಎಳೆ ಕಂಡರೆ ಗಂಟು ಹಾಕದೆ ಬಿಡುವವಳಲ್ಲ.

"ಶಹನಾಜ, ಕೂಸಿನ ತೂಕ ಹ್ವಾದ ತಿಂಗಳಕಿಂತ ಕಡಿಮಿ ಆಗೇತಲ್ಲವಾ. ಏನ ಉಣಸ್ತಿ?"

"ಎಲ್ಲಾ ನಂಜ ಅಂತಾರ್ರಿ ಅಕ್ಕಾರ. ಅನ್ನ ಒಂದ ಕೊಡ್ತೀನ್ರಿ."

"ಮತ್ತ ಮೈಗೆ?"

ಕಾಶೀಂಸಾಬ ಟೊಪ್ಪಿಗೆ ಸರಿಮಾಡಿಕೊಂಡು ಮುಂದೆ ಬಂದ. "ನನ್ನ ಗಾಣದ ಎಣ್ಣಿ! ಇನ್ನ ಎಂಟ ದಿನ ತಡೀವಾ, ಕೂಸಿನ ಮೈ ಕನ್ನಡಿ ಆಗತೈತಿ. ಮಾರಿ ನೋಡ್ಕೊಂಡ ಕುಂಕುಮ ಹಚ್ಕೊಳ್ಳುವಂತಿ."

"ಮೂರ ತಿಂಗಳದಿಂದ ಹಚ್ಚಾಕ ಹತ್ತೀರಿ ಕಾಕಾ. ಕನ್ನಡಿ ಇನ್ನಾ ಬಂದಿಲ್ಲ." ಅವಳು ಕೂಸಿನ ಮೊಣಕೈ ತಿರುಗಿಸಿ ನೋಡಿದಳು. "ಇದಕ್ಕ ಇಸಬು ಅಂತಾರ. ಚರ್ಮ ಒಣಗಿ ಬಿರಕ ಬಿಟ್ಟೈತಿ, ಬ್ಯಾಸಗ್ಯಾಗ ಎರಿ ಹೊಲ ಬಿರಕ ಬಿಟ್ಟಂಗ."

"ಬಿರಕಿನ ಮಾತ ನನ್ನ ಮುಂದ ಹೇಳಬ್ಯಾಡ! ನಮ್ಮ ಹೊಲದ ಬಿರಕಿನ್ಯಾಗ ನಮ್ಮಪ್ಪನ ಕಾಲಕ್ಕ ಎಮ್ಮಿ ಬಿದ್ದಿತ್ತು. ಇಲ್ಲಿ ಬಿದ್ದದ್ದು ಹೊಳೆಆಲೂರ ಹೊಳ್ಯಾಗ ಎದ್ದು, ಈಸಿ ದಂಡಿಗೆ ಬಂದು, ರೈಲ್ವೆ ಸ್ಟೇಶನ್ನಾಗ ನಿಂತಿತ್ತು. ಕೇಳ ಬೇಕಾರ!"

"ಹೌದ್ರಿ?" ದ್ರಾಕ್ಷಾಯಣಿ ನಗಲಿಲ್ಲ. "ಎಮ್ಮಿ ಹೋಗೂವಂಥ ಬಿರಕಿನ್ಯಾಗ ಎಣ್ಣಿ ಹೋಗೂದಿಲ್ಲೇನ್ರಿ?"

ಕಾಶೀಂಸಾಬ ಕೂಸಿನ ಮೊಣಕೈಯತ್ತ ಬಗ್ಗಿ ನೋಡಿದ. ದ್ರಾಕ್ಷಾಯಣಿ ಮುಂದುವರಿಸಿದಳು.

"ಗಾಣದ ಎಣ್ಣ್ಯಾಗ ಶೇಂಗಾದ ಸತ್ವ ಹಂಗ ಇರತೈತಿ. ಬಾಯಿಲೆ ಹ್ವಾದರ ಅದು ಊಟ. ಬಿರಿದ ಚರ್ಮದಿಂದ ಒಳಗ ಹ್ವಾದರ, ಹಿಂಬಾಗಲಿಂದ ನುಗ್ಗಿದ ಕಳ್ಳ ಅಂತ ಮೈ ತಿಳಕೋಬಹುದು. ಮುಂದ ಅದ ಶೇಂಗಾ ಬಾಯಾಗ ಹ್ವಾದರೂ ಮೈ ಜಗಳಕ್ಕ ನಿಲ್ಲತೈತಿ. ಅದ ಅಲರ್ಜಿ. ಎಲ್ಲಾ ಮಕ್ಕಳಿಗೂ ಆಗೂದಿಲ್ಲ, ಆಗೂದರ ಚಾನ್ಸ ಇರತೈತಿ."

ಶಹನಾಜ ಸಣ್ಣ ದನಿಯಲ್ಲಿ ಹೇಳಿದಳು: "ಹ್ವಾದ ವಾರ ಶೇಂಗಾ ಚಟ್ನಿ ಬಟ್ಟಲದಾಗ ಕೈ ಹಾಕಿ ಬಾಯಿಗೆ ಒರಸ್ಕೊಂಡಿದ್ದರಿ. ಬಾಯಿ ಸುತ್ತ ದದ್ದು ಎದ್ದಿದ್ದು."

ಮರುದಿನ ಮೂವರೂ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿ ಗಜೇಂದ್ರಗಡದ ಮಕ್ಕಳ ಡಾಕ್ಟರ ಹತ್ತಿರ ಹೋದರು. ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಬೇಕು, ತಿಕ್ಕಬಾರದು. ಮೈ ಹಸಿ ಇರುವಾಗಲೇ ವಾಸನೆ ಇಲ್ಲದ ವ್ಯಾಸಲೀನ್ ದಪ್ಪಗೆ ಸವರಬೇಕು, ದಿನಕ್ಕೆ ಎರಡು ಮೂರು ಸಲ. ಉಗುರು ಕತ್ತರಿಸಬೇಕು, ಹತ್ತಿಯ ಬಟ್ಟೆ ಹಾಕಬೇಕು. ಕೆಂಪಾದ ಜಾಗಕ್ಕೆ ಅವರು ಬರೆದ ಮುಲಾಮು, ಅವರು ಹೇಳಿದಷ್ಟೇ ದಿನ. ಇಸಬು ಬಹಳ ಸಲ ಊಟದಿಂದ ಬರುವುದಿಲ್ಲ; ಅದಕ್ಕೆ ಹೆದರಿ ಕೂಸನ್ನು ಉಪವಾಸ ಕೆಡವಬಾರದು. ಹಾಲು, ಬೇಳೆ, ತತ್ತಿ ತಾವು ಹೇಳಿದ ಹಾಗೆ ಒಂದೊಂದಾಗಿ ಮತ್ತೆ ಶುರು ಮಾಡಬೇಕು. ಶೇಂಗಾ ಮಾತ್ರ ಹುಬ್ಬಳ್ಳಿಯಲ್ಲಿ ಪರೀಕ್ಷೆ ಆಗುವವರೆಗೆ ಬಾಯಿಗೂ ಬೇಡ, ಮೈಗೂ ಬೇಡ.

ಈ ಕೊನೆಯ ಮಾತು ಕಾಶೀಂಸಾಬನ ಎದೆಗೆ ನಾಟಿತು. ಮೂರು ತಲೆಮಾರಿನಿಂದ ಶೇಂಗಾ ಅರೆದು ಬದುಕಿದ ಮನೆ. ಆ ಮನೆಯ ಕೂಸಿಗೆ ಶೇಂಗಾ ವೈರಿಯೇ? ಊರವರು ಕೇಳಿದರೆ ಏನು ಹೇಳುವುದು? ಗಾಣದ ಮೋಟರು ತಿರುಗುವಾಗಲೆಲ್ಲ ಅವನ ತಲೆಯಲ್ಲಿ ಅದೇ ತಿರುಗುತ್ತಿತ್ತು.

ಹದಿನೈದು ದಿನದಲ್ಲಿ ಅಕೀಬನ ಮೈ ತಿಳಿಯಾಯಿತು. ತಟ್ಟೆಗೆ ಬೇಳೆ ಬಂತು, ಹಾಲು ಬಂತು. ಕೂಸು ನಕ್ಕಿತು. ಕಾಶೀಂಸಾಬ ಗಿರಾಕಿಗಳ ಮುಂದೆ, "ಮೊದಲ ಹಚ್ಚಿದ ನನ್ನ ಎಣ್ಣಿ ಈಗ ಕೆಲಸ ಮಾಡಾಕ ಹತ್ತೇತಿ" ಎಂದು ಹೇಳಿಕೊಂಡು ಓಡಾಡಿದ. ಬರೀ ಹೇಳಿಕೊಂಡಿದ್ದರೆ ನಷ್ಟವಿರಲಿಲ್ಲ.

ಒಂದು ಮಧ್ಯಾಹ್ನ ಶಹನಾಜ ನೀರಿಗೆ ಹೋಗಿದ್ದಳು. ಅವಳ ಗಂಡ ಸಲಾವುದ್ದೀನ ಎಣ್ಣೆ ಡಬ್ಬಿ ಹಾಕಿಕೊಂಡು ರೋಣಕ್ಕೆ ಹೋಗಿದ್ದ. ಅಜ್ಜನ ತೊಡೆಯ ಮೇಲೆ ಕೂಸು. ಅವನ ಜಾಕೀಟಿನ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಶೇಂಗಾ ಉಂಡೆ. ಆಮೇಲೆ ಏನಾಯಿತೆಂದು ಆ ಹೊತ್ತಿಗೆ ಕಂಡವರು ಇಬ್ಬರೇ. ಒಬ್ಬನಿಗೆ ಮಾತು ಬಾರದು, ಇನ್ನೊಬ್ಬನಿಗೆ ಅವತ್ತಿನ ಮಟ್ಟಿಗೆ ಮಾತು ಹೋಯಿತು.

ಶಹನಾಜ ಕೊಡ ಇಳಿಸುವಷ್ಟರಲ್ಲಿ ಕೂಸಿನ ತುಟಿ ಊದಿತ್ತು. ಮೈತುಂಬ ದದ್ದು. ಎರಡು ಸಲ ವಾಂತಿ. ಆಮೇಲೆ ಕೆಮ್ಮು, ಎದೆಯಲ್ಲಿ ಸೀಟಿಯಂಥ ಸದ್ದು.

"ಮಾವಾರ, ಏನಾತ್ರಿ?"

"ಇರಬಿ... ಕೆಂಪ ಇರಬಿ ಕಡಿದಿರಬೇಕ."

ದ್ರಾಕ್ಷಾಯಣಿಗೆ ಫೋನು ಹೋಯಿತು. "ಉಸರಾಟದ ಸದ್ದ ಬರಾಕ ಹತ್ತಿದರ ಮನೀ ಔಷಧ ಬ್ಯಾಡ. ನೂರಾ ಎಂಟಕ್ಕ ಫೋನ್ ಹಚ್ಚರಿ, ಲಗೂನ!" ಆಂಬುಲೆನ್ಸ್ ಬಂತು. ಗಜೇಂದ್ರಗಡದ ದವಾಖಾನೆಯಲ್ಲಿ ಕೂಸಿನ ತೊಡೆಗೆ ಚುಚ್ಚುಮದ್ದು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಸೀಟಿಯ ಸದ್ದು ಇಳಿಯಿತು. ಕೂಸು ತಾಯಿಯ ಸೆರಗು ಹಿಡಿದು ಅತ್ತಿತು. ಅಳುವಷ್ಟು ಉಸಿರು ಬಂತಲ್ಲ ಎಂದು ಕಾಶೀಂಸಾಬ ಗೋಡೆಗೆ ಒರಗಿದ.

"ಏನು ತಿಂದಿತ್ತು?" ಡಾಕ್ಟರಮ್ಮ ಕೇಳಿದರು.

"ಮುಂಜಾನಿ ತತ್ತಿ ಕೊಟ್ಟಿದ್ನಿರಿ. ಇವತ್ತ ಶುರು ಮಾಡಿದ್ನಿ." ಶಹನಾಜ ಬಿಕ್ಕಿದಳು. "ನನ್ನ ಕೈಯಾರೆ ಕೊಟ್ಟ್ನಿರಿ."

"ಬೆಳಗ್ಗೆ ತಿಂದದ್ದು ಮಧ್ಯಾಹ್ನದವರೆಗೆ ಸುಮ್ಮನೆ ಇರುವುದು ಕಡಿಮೆ. ಆಮೇಲೆ ಬೇರೆ ಏನಾದರೂ?"

ಹೇಳಲು ಸರಿಯಾದ ಹೊತ್ತು ಅದು. ಸಾವಿರ ಮಾತಿನ ಕಾಶೀಂಸಾಬ ಟೊಪ್ಪಿಗೆಯ ಅಂಚು ಮುಟ್ಟುತ್ತ ಕೂತ.

ಒಂದು ದಿನ ದವಾಖಾನೆಯಲ್ಲಿ ನೋಡಿಕೊಂಡು ಮನೆಗೆ ಕಳಿಸಿದರು. ಓಣಿಯವರು ನೋಡಲು ಬಂದರೆ ಕಾಶೀಂಸಾಬನ ನಾಲಿಗೆಗೆ ಮತ್ತೆ ಜೀವ ಬಂತು. ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತಾನು ಓಡಿದ್ದು, ಆಂಬುಲೆನ್ಸು ಹಿಂದೆ ಬಿದ್ದದ್ದು, ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ "ಕಾಕಾ, ಸ್ವಲ್ಪ ಸಾವಕಾಶ" ಎಂದು ಕೈ ಮುಗಿದದ್ದು! ಜನ ನಕ್ಕರು. ಒಳಗೆ ಶಹನಾಜ ನಗಲಿಲ್ಲ. ಅವಳು ತತ್ತಿ ಮತ್ತೆ ಬಿಟ್ಟಿದ್ದಳು. ಹಾಲನ್ನೂ ಬಿಟ್ಟಿದ್ದಳು. ಬೇಳೆಯ ಡಬ್ಬಿಯನ್ನು ಮುಚ್ಚಳ ಬಿಗಿದು ಮೇಲಿನ ಹಲಗೆಗೆ ಏರಿಸಿದ್ದಳು. ಕೂಸಿನ ತಟ್ಟೆಯಲ್ಲಿ ಮತ್ತೆ ಬಿಳಿ ಅನ್ನ.

ಕಾಶೀಂಸಾಬ ಆ ತಟ್ಟೆ ನೋಡಿದ. ಮುಖ ಆಚೆ ಮಾಡಿದ. ಮರುದಿನವೂ ನೋಡಿದ.

ಮೂರನೆಯ ದಿನ ದ್ರಾಕ್ಷಾಯಣಿ ಬಂದಳು. "ಇಷ್ಟ ಕಡಿಮಿ ಉಂಡರ ಕೂಸು ಹ್ಯಾಂಗ ಬೆಳೀಬೇಕವಾ?"

"ನನಗ ಧೈರ್ಯ ಇಲ್ಲರಿ ಅಕ್ಕಾರ. ನಾನ ಕೊಂದ ಬಿಡತಿದ್ನಿ."

ಕಾಶೀಂಸಾಬ ಗೂಟಕ್ಕೆ ನೇತುಹಾಕಿದ್ದ ಜಾಕೀಟು ತೊಟ್ಟು ಗಾಣದ ಕಡೆ ಹೊರಟಿದ್ದ. ದವಾಖಾನೆಗೆ ಹೋದ ದಿನ ಕಳಚಿದ್ದು, ಈಗ ಮತ್ತೆ ತೊಟ್ಟದ್ದು. ಅಕೀಬ ತಟ್ಟಾಡುತ್ತ ಬಂದು ಅಜ್ಜನ ಕಾಲು ಹಿಡಿದ. ಎತ್ತಿಕೊಂಡ ಕೂಡಲೇ ಕೂಸು ಪುಟ್ಟ ಕೈಯನ್ನು ನೇರ ಜೇಬಿಗೆ ಹಾಕಿತು, ದಾರಿ ಗೊತ್ತಿದ್ದವರ ಹಾಗೆ. ಕಾಗದದ ಗಂಟು ಹೊರಗೆ ಬಂತು. ಶಹನಾಜ ಹಾರಿ ಬಂದು ಕಿತ್ತುಕೊಂಡಳು. ಒಳಗೆ ಶೇಂಗಾ ಉಂಡೆ. ಉಂಡೆಯ ಒಂದು ಬದಿಯಲ್ಲಿ ಎರಡು ಸಣ್ಣ ಹಲ್ಲಿನ ಗುರುತು.

ದ್ರಾಕ್ಷಾಯಣಿ ಕೂಸಿನ ಕೈಯನ್ನು ಸಾಬೂನಿನಿಂದ ತೊಳೆದು ಬಂದಳು. ಶಹನಾಜ ಉಂಡೆಯನ್ನು ಮಾವನ ಮುಂದೆ ಹಿಡಿದಳು.

"ಮಾವಾರ, ಇರಬಿಗೆ ಹಲ್ಲ ಇಷ್ಟ ದೊಡ್ಡೂ ಇರತಾವೇನ್ರಿ?"

ಕಾಶೀಂಸಾಬ ಹೊಸ್ತಿಲ ಮೇಲೆ ಕುಸಿದು ಕೂತ. "ನಾನ ಕೊಟ್ಟ್ನಿ. ಒಂದ ಕಚ್ಚ. ಡಾಕ್ಟರ್ ಸುಳ್ಳ ಅಂತ ತೋರಸಾಕ. ಗಾಣದ ಮನೀ ಕೂಸು, ಏನ ಆಗತೈತಿ ಅಂತ. ತತ್ತೀದು ತಪ್ಪ ಇಲ್ಲ, ಹಾಲಿಂದು ಇಲ್ಲ. ನಿಂದು ಮೊದಲ ಇಲ್ಲವಾ. ನೀ ಅಳೂದ ನೋಡಿ ಹೇಳಬೇಕಂತಿದ್ದೆ, ಬಾಯಿ ಬರಲಿಲ್ಲ."

ಶಹನಾಜ ಬೈಯಲಿಲ್ಲ. "ಮೂರ ದಿನ ನನ್ನ ಕೂಸು ಬರೇ ಅನ್ನ ಉಂಡೈತ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಬೇಳೆಯ ಡಬ್ಬಿ ತೆಗೆದ ಸದ್ದು ಕೇಳಿಸಿತು. ಕಾಶೀಂಸಾಬ ಅದೇ ದಿನ ದ್ರಾಕ್ಷಾಯಣಿಯ ಜೊತೆ ಬಸ್ಸು ಹತ್ತಿ, ಡಾಕ್ಟರಮ್ಮನ ಮುಂದೆ ನಿಂತು ಅದೇ ಮಾತನ್ನು ಮತ್ತೊಮ್ಮೆ ಹೇಳಿ ಬಂದ. ಮುಂದೆ ಹುಬ್ಬಳ್ಳಿಯಲ್ಲಿ ಪರೀಕ್ಷೆಯೂ ಆಯಿತು. ಕೂಸಿಗೆ ಆಗದ್ದು ಶೇಂಗಾ ಒಂದೇ.

ಈಗ ಆ ಮನೆಯಲ್ಲಿ ಅಡುಗೆ ಕುಸುಬೆ ಎಣ್ಣೆಯದು. ಗಾಣದಿಂದ ಬಂದವರು ಕೈಕಾಲು ತೊಳೆದು ಅಂಗಿ ಬದಲಿಸಿ ಕೂಸನ್ನು ಎತ್ತಿಕೊಳ್ಳುತ್ತಾರೆ. ಅಂಗನವಾಡಿಯ ಗೋಡೆಯ ಮೇಲೆ "ಅಕೀಬನಿಗೆ ಶೇಂಗಾ, ಚಿಕ್ಕಿ ಕೊಡಬೇಡಿ" ಎಂಬ ಚೀಟಿ ಇದೆ.

ಎರಡು ತಿಂಗಳ ನಂತರ ಸ್ವಸಹಾಯ ಸಂಘದ ಸಭೆಗೆ ದ್ರಾಕ್ಷಾಯಣಿ ಕಾಶೀಂಸಾಬನನ್ನು ಕರೆತಂದಳು. ಅವನು ಎದ್ದು ನಿಂತ.

"ತಂಗೇರ, ಕೂಸಿನ ಮೈ ಬಿರದಿದ್ದರ ಅಡಗಿ ಮನ್ಯಾಗಿಂದು ಏನೂ ತಿಕ್ಕಬ್ಯಾಡರಿ, ನನ್ನ ಎಣ್ಣೀನೂ ಬ್ಯಾಡ. ಮೈ ಹಸಿ ಇದ್ದಾಗ ವ್ಯಾಸಲೀನ್ ಹಚ್ಚರಿ. ನಂಜ ಅಂತ ಊಟ ಬಿಡಸಬ್ಯಾಡರಿ, ಡಾಕ್ಟರನ್ನ ಕೇಳರಿ. ಕೂಸಿಗೆ ಆಗದ್ದನ್ನ ಪರೀಕ್ಷಾ ಮಾಡಾಕ ಒಂದ ಕಾಳೂ ಕೊಡಬ್ಯಾಡರಿ. ತುಟಿ ಊದಿ ಉಸರಾಟ ಕೆಟ್ಟರ ದಾರಿ ಕಾಯಬ್ಯಾಡರಿ, ನೂರಾ ಎಂಟಕ್ಕ ಫೋನ್ ಮಾಡರಿ. ಏನ ತಿನಿಸಿದ್ದರೂ, ಯಾರ ತಿನಿಸಿದ್ದರೂ, ಡಾಕ್ಟರ್ ಮುಂದ ಖರೇ ಹೇಳರಿ."

ಹಿಂದಿನ ಸಾಲಿನಲ್ಲಿ ಕೂತ ಶೇಖವ್ವ ಬಾಯಿಗೆ ಸೆರಗು ಹಿಡಿದಳು. "ಕಾಶೀಮಾ, ನಿನ್ನ ಯಾವ ಮಾತ ನಂಬೂದೋ? ಗುಡ್ಡದ ಮ್ಯಾಲ ಕೂದಲ ಬೆಳಸಿದಾಂವ ನೀನು!"

ಸಭೆ ಗೊಳ್ಳೆಂದಿತು. ಓದುತ್ತಿರುವ ನಿಮಗೂ ಅದೇ ಅನುಮಾನ ಇದ್ದರೆ ತಪ್ಪಿಲ್ಲ. ನಿಮ್ಮ ಮನೆಯ ಕೂಸಿನ ವಿಷಯಕ್ಕೆ ಕಾಶೀಂಸಾಬನನ್ನು ನಂಬಬೇಡಿ, ಓಣಿಯವರನ್ನೂ ನಂಬಬೇಡಿ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ, ಡಾಕ್ಟರಿಗೆ ತೋರಿಸಿ.

ಸಭೆಯಲ್ಲಿ ನಗು ಇಳಿಯಿತು. ಆಗ ಕಾಶೀಂಸಾಬ, ಊರಿನಲ್ಲಿ ಯಾರೂ ಎಂದೂ ನೋಡಿರದ ಕೆಲಸ ಮಾಡಿದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಕಿಟಕಿಯ ಬಿಸಿಲು ಅವನ ನುಣ್ಣನೆಯ ತಲೆಯ ಮೇಲೆ ಬಿದ್ದು ಹೊಳೆಯಿತು.

"ನಲವತ್ತ ವರ್ಷ ಹಚ್ಚೇನಿ ಶೇಖವ್ವಾ. ಇಲ್ಲೇ ಬಂದಿಲ್ಲ, ಗುಡ್ಡದ ಮ್ಯಾಲ ಎಲ್ಲಿಂದ ಬರಬೇಕು?"